ಮೂರು ಡೆಸಿಬೆಲ್

ರಾತ್ರಿ ಹನ್ನೆರಡಕ್ಕೆ ಪ್ರಸಾರ ಮುಗಿದ ಮೇಲೆ
ಕಪ್ಪು ಡಬ್ಬಿಯ ಮುಂದೆ ನಾನೊಬ್ಬನೇ.
ಪಣಜಿಯ ಫೆರಿಕಟ್ಟೆಗೆ ಮುಖಮಾಡಿದ ಈ ಕೋಣೆಯಲ್ಲಿ
ಏಸಿ ಮೀನಿನ ವಾಸನೆಯನ್ನೇ ತಂಪು ಮಾಡಿ ಊದುತ್ತದೆ.

ಸೋಮವಾರ ಮ್ಯಾನೇಜರ್ ಫುರ್ತಾದೊ ಹೇಳಿದ್ದ:
"ಪಕ್ಕದ ಸ್ಟೇಷನ್ನು ಎಷ್ಟು ಜೋರು ನೋಡು,
ಅದನ್ನು ದಾಟಿ ಬಂದರೆ ನಮ್ಮದು ಸಪ್ಪೆ."
ಹುಬ್ಬಳ್ಳಿಯ ಖಾನಾವಳಿಯಲ್ಲಿ ಬೆಳೆದವನು ನಾನು,
ಸಪ್ಪೆ ಅಂದರೆ ತಡೆದೀತೇ?
ದನಿಯನ್ನು ಐದು ಪಟ್ಟಿ ಸೀಳಿದೆ,
ತಗ್ಗಿದ್ದನ್ನು ಎತ್ತಿದೆ, ಎದ್ದಿದ್ದನ್ನು ಅದುಮಿದೆ,
ಎಲ್ಲವನ್ನೂ ಒಟ್ಟಿಗೆ ಲಿಮಿಟರಿನ ಗೋಡೆಗೆ ನೂಕಿದೆ.
ಮುಳ್ಳು ಕೆಂಪಿನಂಚಿಗೆ ಹೋಗಿ ನಿಂತಿತು,
ನಡುಗಲೂ ಇಲ್ಲ.
ಫುರ್ತಾದೊ ಬೆಬಿಂಕಾ ತಂದುಕೊಟ್ಟ.

ಮರುದಿನ ಫೆರಿಯಲ್ಲಿ ಹಗ್ಗ ಎಸೆಯುವ ಶಾಣು
"ಈಗ ಇಂಜಿನ್ನಿನ ಮೇಲೂ ಸುದ್ದಿ ಕೇಳ್ತದೆ" ಎಂದು ನಕ್ಕ.
ಆಚೆ ದಡ ಬೆತಿಂನಲ್ಲಿ, ಗೂಡಂಗಡಿಯ ಪಿಯೆದಾದೆ
ಸೋಡಾದ ಗೋಲಿ ಒತ್ತುತ್ತ ಕೇಳಿದಳು:
"ಆ ಹುಡುಗಿಗೆ ಏನಾಯ್ತು?
ನಿನ್ನೆಯಿಂದ ಉಸಿರೇ ಆಡ್ತಿಲ್ಲ."

ಹುಡುಗಿ ಅಂದರೆ ಎವಿತಾ.
ಸಂಜೆ ಆರೂ ಇಪ್ಪತ್ತಕ್ಕೆ ಸಾವಿನ ಸುದ್ದಿ ಓದುವವಳು.
ಊರು, ವಾಡೊ, ಇಗರ್ಜಿ, ಮಣ್ಣಿನ ಹೊತ್ತು,
ಕಟ್ಟಕಡೆಗೆ ಹೆಸರು.
ರೆಕಾರ್ಡಿಂಗ್ ಹಾಕಿ ಕೇಳಿದೆ.
ಹೆಸರಿಗೆ ಮುಂಚೆ ಅವಳು ಎಳೆದುಕೊಳ್ಳುವ ಒಂದಿಷ್ಟು ಗಾಳಿ,
ತಣ್ಣೀರಿಗೆ ಕಾಲಿಡುವಾಗ ಎಳೆದುಕೊಳ್ಳುತ್ತೇವಲ್ಲ, ಅಷ್ಟು,
ಅದನ್ನು ಗೇಟು ಕಸವೆಂದು ಗುಡಿಸಿಬಿಟ್ಟಿತ್ತು.
ತೀರಿಕೊಂಡವರು ಟೈಲ್ಸ್ ಜಾಹೀರಾತಿನ ಪಕ್ಕದಲ್ಲಿ
ಟೈಲ್ಸಿನಷ್ಟೇ ಜೋರಾಗಿ ನಿಂತಿದ್ದರು.

ಅದಕ್ಕೇ ಈ ರಾತ್ರಿ.
ಗೇಟಿನ ಹೊಸ್ತಿಲು ತಗ್ಗಿಸಿದೆ,
ಹಿಡಿದದ್ದನ್ನು ಬಿಡುವ ವೇಳೆಯನ್ನು ಉದ್ದ ಮಾಡಿದೆ,
ಮೂರು ಡೆಸಿಬೆಲ್ ವಾಪಸು ಕೊಟ್ಟೆ.
ಹೇಗಿದೆಯೋ ನೋಡೋಣವೆಂದು
ಯಾರೂ ಕೇಳದ ಈ ಹೊತ್ತಿನಲ್ಲಿ
ಎವಿತಾಳ ನಿನ್ನೆಯ ಸುದ್ದಿಯನ್ನೇ ಗಾಳಿಗೆ ಬಿಟ್ಟು,
ಕೆಳಗೆ ಓಡಿ ಕಾರಿನಲ್ಲಿ ಕೇಳಿದೆ,
ಮೇಲೆ ಬಂದು ವಾಚ್‌ಮನ್ನನ ಸೆಟ್ಟಿನಲ್ಲಿ ಕೇಳಿದೆ.

ಒಂದೂ ಹತ್ತಕ್ಕೆ ಫೋನು.
ಮಾಲಿಮ್ ಜೆಟ್ಟಿಯಲ್ಲಿ ಟ್ರಾಲರು ಕಾಯುವವನಂತೆ.
"ಯಾರು ಹೋದರು?" ಅಂದ.
"ಕೇಳಲಿಲ್ವಾ?"
"ಅವಳು ಉಸಿರು ಎಳಕೊಂಡಳು. ಎದ್ದು ಕೂತೆ.
ಹೆಸರು ಬರುವ ಮೊದಲೇ ಆಫ್ ಮಾಡಿಬಿಟ್ಟೆ.
ನನ್ನ ತಮ್ಮ ಮೊನ್ನೆಯಿಂದ ಸಮುದ್ರದಲ್ಲಿದ್ದಾನೆ."

ಟೆಸ್ಟಿಂಗು, ಅಂದೆ. ನಿನ್ನೆಯದು,
ಸಾಲಿಗಾಂವಿನ ಒಬ್ಬ ಮುದುಕಿ, ತೊಂಬತ್ತೊಂದು ವರ್ಷ.
ಅವನು ಬಿಟ್ಟ ಉಸಿರು
ಯಾವ ಪಟ್ಟಿಗೂ ಸಿಗದೆ ಇಡಿಯಾಗಿ ಬಂತು.
ತಪ್ಪಾಯ್ತು ಅನ್ನುವಷ್ಟರಲ್ಲಿ ಫೋನು ಇಟ್ಟಿದ್ದ.

ನಾಳೆ ಫುರ್ತಾದೊ ಸಪ್ಪೆ ಅನ್ನುತ್ತಾನೆ, ಅನ್ನಲಿ.
ಶಾಣುವಿಗೆ ಮಾತ್ರ ಇಂಜಿನ್ನು ಅಡ್ಡ ಬಂದೀತು.
ಅವನಿಗೆಂದು ನಡುಪಟ್ಟಿಗೆ
ಒಂದು ಚಿಟಿಕೆ ಹೆಚ್ಚಿಗೆ ಹಾಕಿಟ್ಟಿದ್ದೇನೆ.