ಬೊಡ್ಡೆಗೆ ಹೂ

ರಾಯಚೂರಿನ ಏಪ್ರಿಲ್ಲು. ಹೊರಗೆ ನಲವತ್ತಮೂರು,
ಗಾಜಿನ ಮನೆಯೊಳಗೆ ಇಪ್ಪತ್ತೇಳು,
ಅದೂ ಫ್ಯಾನು ತಿರುಗುವ ತನಕ.
ಮಹಡಿ ಹತ್ತಿದರೆ ಶಕ್ತಿನಗರದ ಚಿಮಣಿ ಕಾಣುತ್ತದೆ,
ಹನ್ನೊಂದಕ್ಕೆ ಹೋದ ಕರೆಂಟು ಮಾತ್ರ ಬಂದಿಲ್ಲ.

ಹುಲಿಗೆಮ್ಮ ಕೊಡದಲ್ಲಿ ನೀರು ತಂದು
ಏಳು ಕೋಕೋ ಗಿಡಗಳ ಸುತ್ತ
ಒದ್ದೆ ಗೋಣಿ ಕಟ್ಟುತ್ತಾಳೆ,
ಜ್ವರದ ಹಣೆಗೆ ಬಟ್ಟೆ ಹಾಕಿದ ಹಾಗೆ.
"ಈ ಊರಿಂದಲ್ಲದ್ದನ್ನ ತಂದು ಯಾಕ್ರಿ ಕಾಡತೀರಿ?"

ಇದು ಟೊಂಗೆಯ ತುದಿಗೆ ಹೂ ಬಿಡುವುದಿಲ್ಲ ಕಣಮ್ಮ,
ಬೊಡ್ಡೆಯ ತೊಗಟೆ ಒಡೆದೇ ಬಿಡುತ್ತದೆ ಎಂದೆ.
"ಅತ್ತಿಕಾಯಿ ಹಂಗ," ಅಂದಳು.
ಹೌದು, ಅತ್ತಿಕಾಯಿಯ ಹಾಗೆ.
ನನ್ನ ಪ್ರಬಂಧದ ಮೊದಲ ಹನ್ನೊಂದು ಪುಟ
ಅಲ್ಲಿಗೆ ಮುಗಿಯಿತು.

ಹೂ ಬಿಡು ಎಂಬ ಅಪ್ಪಣೆ ಎಲೆಯಲ್ಲಿ ಹುಟ್ಟಿ
ನಾಳದಲ್ಲಿ ಇಳಿದು ಬೊಡ್ಡೆಯ ಗಂಟಿಗೆ ಮುಟ್ಟುತ್ತದೆ.
ಯಾವ ಜೀನು ಹೇಳುತ್ತದೆ, ಯಾವುದು
ಇನ್ನೂ ಬೇಡ, ತಾಳು ಎನ್ನುತ್ತದೆ?
ಅದಕ್ಕೇ ನಸುಕಿನ ನಾಲ್ಕಕ್ಕೆ ಎಲೆ ಕಿತ್ತು
ದ್ರವ ಸಾರಜನಕದಲ್ಲಿ ಅದ್ದಿ
ಪಿಂಗಾಣಿ ಒರಳಲ್ಲಿ ಅರೆಯುವುದು ನಾನು.
ಹೊಗೆಯಾಡುವ ಒರಳು ನೋಡಿ ನಕ್ಕಿದ್ದಳು ಒಮ್ಮೆ:
"ಚಟ್ನಿಗೆ ಉಪ್ಪು ಮರಿಬ್ಯಾಡ್ರಿ."
ಸುಳ್ಳಲ್ಲ, ಮುಂದಿನ ಹಂತಕ್ಕೆ ಬೇಕಾದ್ದು ಉಪ್ಪೇ.

ಆ ಜೀನನ್ನು ಸಾಸಿವೆ ಜಾತಿಯ
ಒಂದು ಕಳೆಗಿಡಕ್ಕೆ ಸೇರಿಸಿದ್ದೆ.
ಹದಿನಾಲ್ಕು ಎಲೆಯಾಗಿ ಬಿಡಬೇಕಾದ ಹೂವನ್ನು
ನಾಲ್ಕೇ ಎಲೆಗೆ ಬಿಟ್ಟಿತು.
ಗೈಡು ಬೆನ್ನು ತಟ್ಟಿದರು.
ಪಕ್ಕಕ್ಕೆ ಸ್ಕೇಲಿಟ್ಟು ಫೋಟೋ ತೆಗೆದೆವು.

ಹುಲಿಗೆಮ್ಮ ಬಗ್ಗಿ ನೋಡಿದಳು.
ಬೆರಳುದ್ದವೂ ಇಲ್ಲ, ದಂಟು ವಾಲಿದೆ,
ತಲೆಯ ಮೇಲೆ ಬಿಳಿ ಹೂ.
"ಇದಕ್ಕ ಎಷ್ಟ್ ದಿನ?"
ಹದಿನಾರು.
"ನನಗ ಹದಿಮೂರು ವರ್ಸ," ಅಂದಳು
ಕೊಡವನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ,
"ದಂಡಿ ಭಾರಕ್ಕ ತಲಿ ಎತ್ತಾಕ ಬರ್ತಿದ್ದಿಲ್ಲ."

ವಹಿಯಲ್ಲಿ ಬರೆದೆ: ಎಲೆ ನಾಲ್ಕು, ದಿನ ಹದಿನಾರು.
ಷರಾ ಎಂಬ ಕಾಲಮ್ಮಿನ ಮೇಲೆ
ಪೆನ್ನು ತುಸು ಹೊತ್ತು ನಿಂತಿತು, ಬರೆಯಲಿಲ್ಲ.

ಮೂರೂವರೆಗೆ ಫ್ಯಾನು ತಿರುಗಿತು.
ಏಳು ಬೊಡ್ಡೆಗಳೂ ಇನ್ನೂ ಬರಿದು.
ಒಂದೊಂದೇ ಗೋಣಿ ಬಿಚ್ಚುತ್ತ ಆಕೆ
ನನಗಲ್ಲ, ಅವಕ್ಕೇ ಹೇಳುತ್ತಿದ್ದಳು:
"ಸಾವಕಾಶ ಬಿಡ್ರೆವ್ವ. ಯಾರ್ ಕೇಳಿದ್ರೂ, ಸಾವಕಾಶ."