ಕೆಂಪು ಗೆರೆ

ಹಟ್ಟಿಯ ಕೋರ್ ಶೆಡ್ಡಿನಲ್ಲಿ
ಕಲ್ಲನ್ನು ಮಲಗಿಸುವುದು ಲಾಲಬೀಯ ಕೆಲಸ.
ಆರುನೂರು ಮೀಟರ್ ಕೆಳಗಿಂದ ಡ್ರಿಲ್ಲು ಎಳೆದು ತಂದದ್ದು,
ಕೂಸಿನ ತೋಳಿನಷ್ಟು ದಪ್ಪ,
ಬರುವಾಗಲೇ ಮುರಿದು ಬರುತ್ತದೆ.
ತಗಡಿನ ಪೆಟ್ಟಿಗೆಯ ಐದು ಓಣಿಗಳಲ್ಲಿ
ತುಂಡಿಗೆ ತುಂಡು ಹೊಂದಿಸಬೇಕು.

ತಿರುವುತ್ತಾಳೆ, ಮತ್ತೆ ತಿರುವುತ್ತಾಳೆ.
ಹಲ್ಲಿಗೆ ಹಲ್ಲು ಕೂತಾಗ ಸದ್ದೇನೂ ಇಲ್ಲ,
ಕೈ ಸುಮ್ಮನಾಗುತ್ತದೆ ಅಷ್ಟೆ.
"ಇದು ಇದರದ್ದು" ಅಂತಾಳೆ,
ದರ್ಗಾದ ಮೆಟ್ಟಿಲಲ್ಲಿ ಚಪ್ಪಲಿಯ ಜೋಡಿ ಸಿಕ್ಕವಳ ಹಾಗೆ.
ಆಮೇಲೆ ನಾನು ಉದ್ದಕ್ಕೂ
ಕೆಂಪು ಪೆನ್ಸಿಲ್ಲಿನ ಗೆರೆ ಎಳೆಯುತ್ತೇನೆ,
ಮತ್ತೆ ಮುರಿದರೆ
ಯಾವುದಕ್ಕೆ ಯಾವುದು ಎಂದು ಗೊತ್ತಿರಲಿ ಅಂತ.

ಸೋಮವಾರ ಬುತ್ತಿ ಬಿಚ್ಚುವ ಹೊತ್ತಿಗೆ
ಪದ್ಮಾಕ್ಷಿ ಮೇಡಂ ಹೇಳಿದರು,
ಈ ನೆಲ ಇಲ್ಲಿರಲಿಲ್ಲ.
ಆಫ್ರಿಕಾ, ಮಡಗಾಸ್ಕರ್, ಅಂಟಾರ್ಕ್ಟಿಕಾ, ನಾವು
ಎಲ್ಲ ಒಂದೇ ಮುದ್ದೆ.
ಮೊದಲು ಆಫ್ರಿಕಾದ ಕಡೆ ಸೀಳು,
ಆಮೇಲೆ ತೆಂಕಣದ ಹಿಮ ದೂರ,
ಮಡಗಾಸ್ಕರ್ ಕೊನೆಗೆ ಕೈ ಬಿಟ್ಟಿತು.
ಹಟ್ಟಿ ಎಂಬ ಹೆಸರಿಲ್ಲದ ಹಟ್ಟಿಯನ್ನು ಹೊತ್ತು
ಒಂಟಿಯಾಗಿ ಬಡಗಲಿಗೆ ಹೊರಟಿತು ಕಲ್ಲು.
ಅದೇನು ಮೊದಲ ಸಲವಲ್ಲ ಅಂದರು:
ಅದಕ್ಕೂ ಮುಂಚೆ ಒಂದು ಕೂಡಿತ್ತು, ಒಡೆದಿತ್ತು,
ಅದಕ್ಕೂ ಮುಂಚೆ ಇನ್ನೊಂದು.
ಲಾಲಬೀಯ ತೊಡೆಯ ಮೇಲಿದ್ದ ತುಂಡಿಗೆ
ಎರಡೂವರೆ ನೂರು ಕೋಟಿ ವರ್ಷ.
ಎಲ್ಲ ಮದುವೆ ಉಂಡು, ಎಲ್ಲ ಸೋಡಚೀಟಿ ಕಂಡ ಮುದುಕಿ.

ಲಾಲಬೀ ರೊಟ್ಟಿ ಹಿಡಿದೇ ಕೇಳಿದಳು:
"ಜಿಗಿ ಹೋದ ಹಿಟ್ಟೇನ್ರಿ ಅದು?
ತಟ್ಟತಾ ತಟ್ಟತಾ ಅಂಚು ಬಿರೀತದ.
ಒದ್ದಿ ಬೆರಳು ಹಚ್ಚಿದ್ರ ಕೂಡತದ.
ನೀರು ಹಚ್ಚಾವ್ರು ಯಾರೂ ಇದ್ದಿಲ್ಲೇನು?"
"ನೀರೇ ಒಳಗ ಬಂತು, ಬೀ.
ಸಮುದ್ರಾನ ಬಂತು."
ನಾವು ನಕ್ಕೆವು. ಆಕೆ ನಗಲಿಲ್ಲ.

"ಕೂಡಿಸಿದ್ರ ಹೊಂದ್ತಾವೇನು ಅಂಚು?"
ಬಹಳ ಮಟ್ಟಿಗೆ, ಅಂದರು ಮೇಡಂ,
ನಡುವೆ ಅಲ್ಲಲ್ಲಿ ಇರುವುದಿಲ್ಲ.
ಅದು ನಮಗೆ ಗೊತ್ತು.
ಡ್ರಿಲ್ಲು ಅರೆದು ತಿಂದ ಜಾಗಕ್ಕೆ
ಒಂದು ಕಟ್ಟಿಗೆ ತುಂಡು ಇಡುತ್ತೇವೆ,
ಮೇಲೆ ಬರೆಯುತ್ತೇನೆ: ಇಪ್ಪತ್ತು ಸೆಂಟಿಮೀಟರ್ ಇಲ್ಲ.
ಇಲ್ಲದ್ದಕ್ಕೂ ಪೆಟ್ಟಿಗೆಯಲ್ಲಿ ಜಾಗ ಬಿಡಬೇಕು,
ಇಲ್ಲದಿದ್ದರೆ ಕೆಳಗಿನ ಲೆಕ್ಕವೆಲ್ಲ ಸುಳ್ಳು.

ಬಂಗಾರ ಇರುವುದೂ ಬಿರಿದಲ್ಲೇ,
ಬಿಳಿ ಬೆಣಚಿನ ಎಳೆಯಲ್ಲಿ, ಕಣ್ಣಿಗೆ ಕಾಣದ ಹಾಗೆ.
ಬಿರಿಯದ ಕಲ್ಲಿದ್ದರೆ
ಈ ಊರೇ ಇರುತ್ತಿರಲಿಲ್ಲ, ನಮ್ಮ ಕೂಲಿಯೂ.
ಇದನ್ನು ಹೇಳೋಣ ಅಂದುಕೊಂಡೆ.
ಅಷ್ಟರಲ್ಲಿ ಆಕೆ ಕೈ ತೊಳೆದಿದ್ದಳು.

ಪಾಳಿ ಮುಗಿಯುವ ಹೊತ್ತಿಗೆ ಕೆಳಗೆ ಸಿಡಿಮದ್ದು.
ಮೊದಲು ಅಂಗಾಲಿಗೆ, ಆಮೇಲೆ ತಗಡಿಗೆ ಗೊತ್ತಾಗುತ್ತದೆ.
ಪೆಟ್ಟಿಗೆಗಳು ಗದಗದ ಅಂದವು.
ಮೂರನೇ ಓಣಿಯಲ್ಲಿ
ಕೆಂಪು ಗೆರೆಯ ನಡುವೆ ಕೂದಲೆಳೆ ಸಂದು.
ಲಾಲಬೀ ಬುರ್ಖಾ ಹಾಕಿಕೊಂಡವಳು
ತಿರುಗಿ ಬಂದು
ಹೆಬ್ಬೆರಳಿಂದ ಒತ್ತಿ
ಸೇರಿಸಿ ಹೋದಳು.