ಎಂಟು ಬಾಯಿ

ಮುರಕಲ್ಲಿನ ಗೋಡೆ, ಒಂದೂಕಾಲು ಅಡಿ ದಪ್ಪ.
ಬೋಳಾರದ ಕಡಲಗಾಳಿಯೇ ಹೊರಗೆ ನಿಲ್ಲುವಾಗ
ವೈಫೈ ಎಂತ ದಾಟೀತು?

ಹಂಪನಕಟ್ಟೆಯಿಂದ ತಂದ ಸ್ವಿಚ್ಚು
ಮಡಚಿದ ಕರ್ಚೀಫಿನಷ್ಟು; ಎಂಟು ಬಾಯಿ.
ಲ್ಯಾಂಡ್‌ಲೈನ್ ಹೋದ ಮೇಲೆ ಕಡಜವೊಂದು
ಮಣ್ಣು ಮೆತ್ತಿ ಮುಚ್ಚಿದ್ದ ತೂತನ್ನು
ಸ್ಕ್ರೂಡ್ರೈವರಿನಿಂದ ತಿವಿದು ತೆರೆದೆ.

ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ...
ಇಲ್ಲಿಯೇ ಪ್ರತಿಸಲ ಕೈ ತಪ್ಪುವುದು,
ಹಸಿರಿನ ಪಕ್ಕ ಹಸಿರೇ ಇರಬೇಕೆಂಬ ಹಟ.
ಮೂರು ಕನೆಕ್ಟರ್ ಹಾಳು.

ಸ್ಟೂಲು ಹಿಡಿದು ನಿಂತ ವಾರಿಜತ್ತೆ ಕೇಳಿದರು:
"ಒಂದು ವಯರಿನಲ್ಲಿ ಬಂದದ್ದನ್ನು ನಾಲ್ಕು ಕೋಣೆಗೆ ಬಡಿಸಿದರೆ
ನೀರಾಗುವುದಿಲ್ವಾ, ಗಂಜಿಯ ಹಾಗೆ?"
ಎಲ್ಲರೂ ಒಟ್ಟಿಗೆ ಉಣ್ಣಲು ಕೂತರೆ ಮಾತ್ರ, ಅಂದೆ.

"ಯಾರದ್ದು ಯಾರಿಗೆಂದು ಅದಕ್ಕೆ ಗೊತ್ತುಂಟಾ?"
ಗೊತ್ತಿಲ್ಲದ ಹೆಸರಿಗೆ ಮೊದಲೊಮ್ಮೆ ಮನೆಯಿಡೀ ಕೂಗುತ್ತದೆ.
ಓಗೊಟ್ಟವರ ಬಾಗಿಲು ನೆನಪಿಡುತ್ತದೆ.
ಮತ್ತೆ ಅಲ್ಲಿಗೇ ಹೋಗಿ ತಗ್ಗಿದ ದನಿಯಲ್ಲಿ ಹೇಳುತ್ತದೆ.
"ನಮ್ಮ ಸರೋಜಿನಿಗಿಂತ ಎಷ್ಟೋ ವಾಸಿ."

ಆದರೆ ಐದು ನಿಮಿಷ ಆ ಕಡೆಯಿಂದ ಸುದ್ದಿಯಿಲ್ಲದಿದ್ದರೆ
ಮರೆತುಬಿಡುತ್ತದೆ, ಅಂದೆ, ಕ್ರಿಂಪರ್ ಅದುಮುತ್ತ.

ಸ್ಟೂಲು ಅಲ್ಲಾಡಿತು.
"ಐದೇ ನಿಮಿಷವಾ?"

ಉಳ್ಳಾಲ ಸೇತುವೆಯಾಚೆ ಅವರ ಅಕ್ಕ.
ಒಂದು ಜೊತೆ ಬಳೆಯ ವಿಷಯಕ್ಕೆ ಮಾತು ನಿಂತು ಹನ್ನೊಂದು ವರ್ಷ.
ಆ ಮನೆಯ ಗೇಟನ್ನು ಸ್ವಲ್ಪ ಎತ್ತಿ ದೂಡಬೇಕು,
ಇಲ್ಲದಿದ್ದರೆ ತೆರೆಯುವುದಿಲ್ಲ ಅಂತ
ಈಗಲೂ ಹೇಳುತ್ತಾರೆ.

ಸಂಜೆ ಹಸಿರು ದೀಪಗಳು ಮಿಣಮಿಣ ಹತ್ತಿದವು,
ಮಹಡಿಯಲ್ಲಿ ಚಿನ್ಮಯಿಯ ಕ್ಲಾಸು ತಡವರಿಸದೆ ಓಡಿತು.
ಖಾಲಿ ಬಾಯಿಗಳಿಗೆ ಇರುವೆ ಹೊಗದಂತೆ
ಅತ್ತೆ ಬತ್ತಿಯ ಹತ್ತಿ ತುರುಕುತ್ತ ಬಂದರು.
ಕೊನೆಯದೊಂದನ್ನು ಬಿಟ್ಟರು.

ಹತ್ತಿ ಮುಗಿದಿರಲಿಲ್ಲ.